ಬ್ಲಾಗ್‌ಗೆ ಓದುಗರು ಬರೋದು ಎಲ್ಲಿಂದ? ಸರ್ಚ್, ಸೋಷಿಯಲ್ ಮೀಡಿಯಾ, ಇಮೇಲ್, ಚಾನೆಲ್: ನಿಮಗೆ ಯಾವುದು ಸರಿ

"ಬ್ಲಾಗ್ ಬರೀತಿದ್ದೀನಿ, ಓದೋರೇ ಇಲ್ಲ, ಏನು ಮಾಡಲಿ?" ಅನ್ನುವ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಬರುತ್ತದೆ. ಎಸ್‌ಇಒ (ಗೂಗಲ್‌ನಂಥ ಸರ್ಚ್‌ನಲ್ಲಿ ಮೇಲೆ ಕಾಣಿಸಿಕೊಳ್ಳುವ ವಿದ್ಯೆ) ಕಲಿಯಬೇಕಾ, ಇನ್‌ಸ್ಟಾಗ್ರಾಂ ಶುರು ಮಾಡಬೇಕಾ, ನ್ಯೂಸ್‌ಲೆಟರ್ ಒಳ್ಳೇದಾ, ವಾಟ್ಸಾಪ್ ಚಾನೆಲ್ ಸಾಕಾ? ಎಲ್ಲವನ್ನೂ ಮಾಡಿ ಅನ್ನೋದು ಸುಲಭ. ಆದರೆ ಒಬ್ಬರೇ ಬರೆದು, ಒಬ್ಬರೇ ತಿದ್ದಿ, ದಿನದ ಕೆಲಸ ಮುಗಿಸಿ ರಾತ್ರಿ ಕೂತು ಪೋಸ್ಟ್ ಮಾಡುವವರಿಗೆ ಆ ಉತ್ತರದಿಂದ ಮೂರು ಕಾಸಿನ ಉಪಯೋಗವಿಲ್ಲ. ಐದು ಕಡೆ ಅರ್ಧಂಬರ್ಧ ಮಾಡಿ, ಸುಸ್ತಾಗಿ, ಕೊನೆಗೆ ಬರೆಯುವುದನ್ನೇ ಬಿಟ್ಟವರು ಎಷ್ಟು ಜನ ಇಲ್ಲ!

ಹಾಗಾಗಿ ಆರಿಸಲೇಬೇಕು. ಆರಿಸೋದಕ್ಕೆ ಮೊದಲು ಏನನ್ನು ನೋಡಬೇಕು ಅಂತ ಗೊತ್ತಿರಬೇಕು.

ಯಾವುದನ್ನು ಅಳೆಯಬೇಕು

ಓದುಗರು ಹೆಚ್ಚಾಗಬೇಕು ಅನ್ನುವುದರಲ್ಲಿ ಎರಡು ಬೇರೆ ಬೇರೆ ಕೆಲಸ ಅಡಗಿದೆ. ಒಂದು, ನಿಮ್ಮ ಹೆಸರೇ ಕೇಳದವರು ನಿಮ್ಮ ಬರಹದವರೆಗೆ ಬರಬೇಕು. ಇನ್ನೊಂದು, ಒಮ್ಮೆ ಬಂದವರು ಮತ್ತೆ ಬರಬೇಕು. ಹೊಸಬರನ್ನು ಚೆನ್ನಾಗಿ ತರುವ ದಾರಿ ಹಳಬರನ್ನು ಉಳಿಸಿಕೊಳ್ಳುವುದರಲ್ಲಿ ಸಾಮಾನ್ಯವಾಗಿ ಸೋಲುತ್ತದೆ, ಹಳಬರನ್ನು ಉಳಿಸುವ ದಾರಿ ಹೊಸಬರನ್ನು ತರೋದೇ ಇಲ್ಲ. ಇಮೇಲ್ ಲಿಸ್ಟ್ ಶುರು ಮಾಡಿದೆ, ಹೊಸಬರು ಬರಲಿಲ್ಲ ಅಂತ ಬೇಜಾರಾಗುವವರಿದ್ದಾರೆ. ಗೂಗಲ್‌ನಿಂದ ಅಷ್ಟು ಜನ ಬಂದರು, ಒಬ್ಬರೂ ನಿಲ್ಲಲಿಲ್ಲ ಅಂತ ತಲೆ ಕೆಡಿಸಿಕೊಳ್ಳುವವರೂ ಇದ್ದಾರೆ. ಆ ಎರಡು ದಾರಿಗಳದ್ದೂ ತಪ್ಪಿಲ್ಲ. ಅವುಗಳಿಗೆ ಒಗ್ಗದ ಕೆಲಸವನ್ನು ಅವುಗಳಿಂದ ಕೇಳಿದ್ದಷ್ಟೇ.

ಎರಡನೇ ಅಳತೆ: ಓದುಗರ ಪಟ್ಟಿ ಯಾರ ಕೈಯಲ್ಲಿದೆ? ಇದನ್ನು ಜನ ಕೊನೆಗೆ ಯೋಚಿಸುತ್ತಾರೆ, ನಾನು ಇದನ್ನೇ ಮೊದಲು ಕೇಳುತ್ತೇನೆ. ಬ್ಲಾಗ್‌ಗಳನ್ನೆಲ್ಲ ಒಂದೇ ಕಡೆ ಓದಲು ಇದ್ದ ಗೂಗಲ್ ರೀಡರ್ 2013ರ ಜುಲೈನಲ್ಲಿ ಮುಚ್ಚಿತು, ಗೂಗಲ್‌ನ ಸೋಷಿಯಲ್ ಮೀಡಿಯಾ ಆಗಿದ್ದ ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ. ಗೂಗಲ್‌ನ ಬ್ಲಾಗರ್ ಸೇವೆ ಬಳಸುವವರಿಗೆ ಇನ್ನೂ ಹತ್ತಿರದ ಉದಾಹರಣೆ ಫೀಡ್‌ಬರ್ನರ್. ಪಕ್ಕದಲ್ಲಿ "ಇಮೇಲ್ ಮೂಲಕ ಪಡೆಯಿರಿ" ಅಂತ ಒಂದು ಡಬ್ಬಿ ಇರುತ್ತಿತ್ತಲ್ಲ, ಅದರ ಹಿಂದೆ ಕೆಲಸ ಮಾಡುತ್ತಿದ್ದದ್ದು ಅದೇ. 2021ರ ಜುಲೈನಲ್ಲಿ ಗೂಗಲ್ ಅದರ ಇಮೇಲ್ ಸೇವೆ ನಿಲ್ಲಿಸಿತು. ಪಟ್ಟಿಯನ್ನು ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ) ಫೈಲ್ ಆಗಿ ಇಳಿಸಿಕೊಂಡವರು ಬೇರೆ ಸೇವೆಗೆ ಹೋಗಿ ಮುಂದುವರಿಸಿದರು. ಅದು ಗಮನಕ್ಕೇ ಬರದವರ ಓದುಗರಿಗೆ ಒಂದು ದಿನ ಮೇಲ್ ಬರೋದು ನಿಂತುಹೋಯಿತು, ಅಷ್ಟೇ.

ಮೂರನೇದು, ಇವತ್ತು ಹಾಕಿದ ಶ್ರಮ ಎಷ್ಟು ದಿನ ಬಾಳುತ್ತದೆ. ನಾಲ್ಕನೇದು, ಓದುಗ ವಾಪಸ್ ಮಾತಾಡೋಕೆ ಆಗುತ್ತದಾ. ಐದನೇದು, ವಾರಕ್ಕೆ ಎಷ್ಟು ಗಂಟೆ, ಎಷ್ಟು ದುಡ್ಡು. ಗಂಟೆಯ ಲೆಕ್ಕವನ್ನು ಪ್ರಾಮಾಣಿಕವಾಗಿ ಹಾಕಿ. ಬರೆಯುವ ಸಮಯ ಬಿಟ್ಟು ಉಳಿದದ್ದು ಮಾತ್ರ ಲೆಕ್ಕಕ್ಕೆ.

ಸರ್ಚ್

ಹೊಸಬರನ್ನು ತರುವುದರಲ್ಲಿ, ಹಾಕಿದ ಶ್ರಮ ಬಾಳುವುದರಲ್ಲಿ ಸರ್ಚ್‌ಗೆ ಸಾಟಿಯಿಲ್ಲ. ಸರಿಯಾಗಿ ಬರೆದ ಒಂದು ಪೋಸ್ಟ್ ವರ್ಷಗಟ್ಟಲೆ ಜನರನ್ನು ತರುತ್ತದೆ. ದುಡ್ಡು ಬೇಡ. ಆದರೆ ತಾಳ್ಮೆ ಬೇಕು. ಹೊಸ ಬ್ಲಾಗ್ ಆದರೆ ಏನಾದರೂ ಕಾಣಿಸಿಕೊಳ್ಳೋಕೇ ತಿಂಗಳುಗಳು ಹಿಡಿಯುತ್ತವೆ.

ಎಲ್ಲ ಬರಹಕ್ಕೂ ಇದು ಆಗುವುದಿಲ್ಲ ಅನ್ನೋದು ಮುಖ್ಯ. ಜನ ಹುಡುಕುವ ವಿಷಯ ಇರಬೇಕು. ರಿಪೇರಿ, ತೋಟ, ಕ್ಯಾಮೆರಾ, ಪ್ರವಾಸ, ಪರೀಕ್ಷೆ ತಯಾರಿ, ಸಾಫ್ಟ್‌ವೇರ್, ಇವಕ್ಕೆಲ್ಲ ಸರ್ಚ್ ಒಪ್ಪುತ್ತದೆ. ನಿಮ್ಮ ಅಜ್ಜಿಯ ಬಗ್ಗೆ ಬರೆದ ಪ್ರಬಂಧ ಎಷ್ಟೇ ಚೆನ್ನಾಗಿದ್ದರೂ ಅದನ್ನು ಯಾರೂ ಹುಡುಕುತ್ತಾ ಕೂತಿರುವುದಿಲ್ಲ. ಅಂಥ ಬರಹಕ್ಕೆ ಎಸ್‌ಇಒ ಪಾಠ ಓದುವುದು ಸುಮ್ನೆ ಟೈಮ್ ವೇಸ್ಟ್. ಇನ್ನೂ ಕೆಟ್ಟದ್ದೇನಂದರೆ ಆ ಪಾಠಗಳು ಬರಹವನ್ನು ಹಾಳು ಮಾಡುತ್ತವೆ, ಒಂದೇ ಪದವನ್ನು ಪ್ಯಾರಾಕ್ಕೊಮ್ಮೆ ತುರುಕೋ ಅಭ್ಯಾಸ ಬರುತ್ತದೆ.

ಸರ್ಚ್ ನಿಮಗೆ ಒಗ್ಗುತ್ತದೆ ಅನ್ನಿಸಿದರೆ ಮಾಡಬೇಕಾದ ಮೊದಲ ಕೆಲಸ, ಗೂಗಲ್ ಸರ್ಚ್ ಕನ್ಸೋಲ್‌ಗೆ ಬ್ಲಾಗ್ ಸೇರಿಸುವುದು. ಪುಕ್ಕಟೆ. ಅದು 16 ತಿಂಗಳವರೆಗಿನ ಲೆಕ್ಕ ತೋರಿಸುತ್ತದೆ: ಜನ ಏನಂತ ಟೈಪ್ ಮಾಡಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಸ್ಥಾನದಲ್ಲಿತ್ತು. ಆ ಪಟ್ಟಿಯಲ್ಲಿ ಇಂಪ್ರೆಷನ್ (ಕಾಣಿಸಿದ ಸಲ) ಜಾಸ್ತಿ, ಕ್ಲಿಕ್ ಕಮ್ಮಿ, ಸ್ಥಾನ ಎಂಟರಿಂದ ಇಪ್ಪತ್ತರ ಒಳಗೆ ಇರುವ ಸಾಲುಗಳನ್ನು ಹುಡುಕಿ. ಉದಾಹರಣೆಗೆ ನೀವು "ನಾನು ಮತ್ತು ನನ್ನ ಸೈಕಲ್" ಅಂತ ಬರೆದಿದ್ದೀರಿ, ಜನ ಬರುತ್ತಿರೋದು "ಸೈಕಲ್ ಚೈನ್ ಪದೇ ಪದೇ ಕಳಚುತ್ತೆ" ಅಂತ ಹುಡುಕಿ. ಪೋಸ್ಟ್‌ನ ಮಧ್ಯದಲ್ಲೆಲ್ಲೋ ಎರಡು ಪ್ಯಾರಾದಲ್ಲಿ ಅದರ ಬಗ್ಗೆ ಇದೆ. ಆಗ ಮಾಡಬೇಕಾದ್ದು ಇಷ್ಟು. ಆ ಎರಡು ಪ್ಯಾರಾವನ್ನು ಬೇರೆ ಪೋಸ್ಟ್ ಮಾಡಿ, ಜನ ಕೇಳುವ ಮಾತಲ್ಲೇ ತಲೆಬರಹ ಕೊಡಿ, ಹಳೇ ಪೋಸ್ಟ್‌ನಿಂದ ಅದಕ್ಕೆ ಲಿಂಕ್ ಕೊಡಿ. ಹೊಸದಾಗಿ ಹತ್ತು ಪೋಸ್ಟ್ ಬರೆಯುವುದಕ್ಕಿಂತ ಇದರಲ್ಲಿ ಹೆಚ್ಚು ಫಲ ಸಿಗುತ್ತದೆ.

ತೊಂದರೆಗಳೂ ಇವೆ. 2024ರ ಮೇ ತಿಂಗಳಿಂದ ಗೂಗಲ್ ತನ್ನ ಎಐ ಉತ್ತರಗಳನ್ನು ಫಲಿತಾಂಶದ ಮೇಲೆಯೇ ತೋರಿಸಲು ಶುರು ಮಾಡಿತು, ಮೊದಲು ಅಮೆರಿಕದಲ್ಲಿ, ಆಮೇಲೆ ಬೇರೆ ದೇಶಗಳಲ್ಲಿ. ಒಂದೇ ಸಾಲಲ್ಲಿ ಉತ್ತರ ಮುಗಿಯುವ ಪ್ರಶ್ನೆಗಳಿಗೆ ಬರೆದರೆ ಜನ ನಿಮ್ಮ ಪುಟದವರೆಗೆ ಬರುವುದೇ ಇಲ್ಲ. ಸ್ವತಃ ಮಾಡಿ ನೋಡಿದ್ದು, ಫೋಟೋ ಸಮೇತ ತೋರಿಸಿದ್ದು, ಎರಡನ್ನು ಬಳಸಿ ಹೋಲಿಸಿದ್ದು, ಇಂಥದ್ದಕ್ಕೆ ಇನ್ನೂ ಬೆಲೆ ಇದೆ. ಇನ್ನೊಂದು, ಸರ್ಚ್‌ನಿಂದ ಬಂದವರು ಉತ್ತರ ಸಿಕ್ಕಿದ ಕೂಡಲೇ ಹೊರಡುತ್ತಾರೆ. ಬರೆದವರ ಹೆಸರನ್ನೂ ನೋಡುವುದಿಲ್ಲ. ಮಾತುಕತೆ ಅನ್ನುವ ಅಳತೆಯಲ್ಲಿ ಇದಕ್ಕೆ ಸೊನ್ನೆ.

ಸೋಷಿಯಲ್ ಮೀಡಿಯಾ

ಇಲ್ಲಿ ಎಲ್ಲವೂ ತಿರುಗುಮುರುಗು. ಇವತ್ತು ಹಾಕಿದ್ದಕ್ಕೆ ಇವತ್ತೇ ಪ್ರತಿಕ್ರಿಯೆ, ಮಾತು ಬೇಕಾದಷ್ಟು, ಬಾಳಿಕೆ ಮಾತ್ರ ಇಲ್ಲ. ಒಂದೆರಡು ದಿನ ಕಳೆದರೆ ಪೋಸ್ಟ್ ಎಲ್ಲಿ ಹೋಯಿತೋ.

ಮುಖ್ಯ ತೊಡಕು ಏನಂದರೆ ಈ ಜಾಗಗಳಿಗೆ ನಿಮ್ಮ ಬ್ಲಾಗ್‌ಗೆ ಜನರನ್ನು ಕಳಿಸುವ ಆಸೆಯಿಲ್ಲ. ಜನ ಅಲ್ಲೇ ಇರಬೇಕು ಅನ್ನೋದು ಅವರ ವ್ಯಾಪಾರ. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಫೀಡ್‌ನಲ್ಲಿ ಗೆಳೆಯರು, ಮನೆಯವರ ಪೋಸ್ಟ್‌ಗಳಿಗೆ ಆದ್ಯತೆ ಕೊಡುತ್ತೇವೆ ಅಂತ ಘೋಷಿಸಿತು. ಪೇಜ್‌ಗಳ ರೀಚ್, ಅಂದರೆ ಪೋಸ್ಟ್ ತಲುಪುವ ಜನರ ಸಂಖ್ಯೆ, ಬಿತ್ತು. ಇನ್‌ಸ್ಟಾಗ್ರಾಂನಲ್ಲಿ ಫೋಟೋ ಕೆಳಗಿನ ಬರಹದಲ್ಲಿ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದೇ ಇಲ್ಲ, ಪ್ರೊಫೈಲ್‌ಗೆ ಹೋಗಿ ಅಲ್ಲಿಂದ ಹೋಗಬೇಕು. ಎಷ್ಟು ಜನ ಹೋಗುತ್ತಾರೆ ಹೇಳಿ?

ಹಾಗಂತ ಬೇಡ ಅನ್ನುತ್ತಿಲ್ಲ. ನಿಮಗೆ ಅಲ್ಲಿ ಇರೋದು ಖುಷಿ ಕೊಡುತ್ತದಾದರೆ, ಹೇಗಿದ್ದರೂ ದಿನಾ ಹೋಗುತ್ತೀರಾದರೆ, ಒಂದೇ ಒಂದು ಜಾಗ ಆರಿಸಿ. ಲಿಂಕ್ ಎಸೆದು ಓಡಿಹೋಗಬೇಡಿ. ಬರಹದ ಒಂದು ಪೂರ್ತಿ ವಿಚಾರವನ್ನು ಅಲ್ಲೇ ಹೇಳಿ ಮುಗಿಸಿ, ಓದಿದವರಿಗೆ ಇವರು ಇನ್ನೂ ಏನು ಬರೆದಿದ್ದಾರೆ ಅಂತ ನೋಡೋಣ ಅನ್ನಿಸಬೇಕು. ನನ್ನ ಪ್ರಕಾರ ಸ್ವಂತ ಪೇಜ್‌ಗಿಂತ ವಿಷಯಕ್ಕೆ ಸಂಬಂಧಪಟ್ಟ ಗುಂಪುಗಳು ವಾಸಿ. ಹಕ್ಕಿ ನೋಡುವವರ ಗುಂಪಿನಲ್ಲಿ ಒಂದಷ್ಟು ದಿನ ಬೇರೆಯವರ ಪ್ರಶ್ನೆಗೆ ಉತ್ತರ ಕೊಟ್ಟುಕೊಂಡಿದ್ದು, ಆಮೇಲೆ "ಇದರ ಬಗ್ಗೆ ವಿವರವಾಗಿ ಬರೆದಿದ್ದೆ" ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಬಂದ ದಿನವೇ ಲಿಂಕ್ ಹಾಕಿದರೆ ಅಡ್ಮಿನ್ ತೆಗೆದುಹಾಕುತ್ತಾರೆ, ತೆಗೆಯಲೇಬೇಕು ಕೂಡ.

ಪೋಸ್ಟ್ ಬೂಸ್ಟ್ ಮಾಡುವುದು, ಅಂದರೆ ದುಡ್ಡು ಕೊಟ್ಟು ತೋರಿಸುವುದು? ಮಾರೋದಕ್ಕೆ ಏನೂ ಇಲ್ಲದ ಬ್ಲಾಗ್‌ಗೆ ಬೇಡ. ದುಡ್ಡು ನಿಂತ ದಿನ ಜನವೂ ನಿಲ್ಲುತ್ತಾರೆ.

ಇಮೇಲ್

ಇದು ಹೊಸಬರನ್ನು ತರುವುದಿಲ್ಲ. ಮತ್ತೊಮ್ಮೆ ಹೇಳುತ್ತೇನೆ, ತರುವುದಿಲ್ಲ. ಬಂದವರನ್ನು ಉಳಿಸಿಕೊಳ್ಳುವುದರಲ್ಲಿ ಮಾತ್ರ ಇದನ್ನು ಮೀರಿಸುವ ದಾರಿ ನನಗೆ ಕಂಡಿಲ್ಲ. ಪಟ್ಟಿ ನಿಮ್ಮದು. ಒಂದು ಸೇವೆ ಮುಚ್ಚಿದರೆ, ಬೆಲೆ ಏರಿಸಿದರೆ, ಪಟ್ಟಿ ಎತ್ತಿಕೊಂಡು ಬೇರೆ ಕಡೆ ಹೋಗಬಹುದು.

ಸೇವೆ ಆರಿಸುವಾಗ ನೋಡಬೇಕಾದ್ದು ದುಡ್ಡಿನ ಲೆಕ್ಕ. ನ್ಯೂಸ್‌ಲೆಟರ್ ಕಳಿಸುವ ಸೇವೆಯಾದ ಸಬ್‌ಸ್ಟಾಕ್‌ನಲ್ಲಿ ಪುಕ್ಕಟೆ ಕಳಿಸುವವರೆಗೆ ಖರ್ಚಿಲ್ಲ, ಓದುಗರಿಂದ ಚಂದಾ ತೆಗೆದುಕೊಂಡರೆ 10% ಅವರಿಗೆ, ಪಾವತಿ ಶುಲ್ಕ ಬೇರೆ. ಅಂಥದ್ದೇ ಇನ್ನೊಂದು, ಘೋಸ್ಟ್, ಕಮಿಷನ್ ತೆಗೆದುಕೊಳ್ಳುವುದಿಲ್ಲ, ಬದಲಿಗೆ ತಿಂಗಳ ಹೋಸ್ಟಿಂಗ್ ಬಾಡಿಗೆ ಕೊಡಬೇಕು, ಇಲ್ಲವೇ ನೀವೇ ಸರ್ವರ್ ನೋಡಿಕೊಳ್ಳಬೇಕು. ಮಾಮೂಲಿ ಇಮೇಲ್ ಸೇವೆಗಳು ಪಟ್ಟಿಯ ಗಾತ್ರ ನೋಡಿ ಹಣ ಕೇಳುತ್ತವೆ, ಅಂದರೆ ನೀವು ಬೆಳೆದಷ್ಟೂ ಖರ್ಚು. ಚಂದಾ ಆಲೋಚನೆ ಇಲ್ಲದವರಿಗೆ ಸಬ್‌ಸ್ಟಾಕ್ ಥರದ್ದು ಸಾಕು. ಚಂದಾದಾರರು ನಿಜವಾಗಿ ಬರತೊಡಗಿದರೆ ಆ 10% ಮತ್ತು ತಿಂಗಳ ಬಾಡಿಗೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಯಾವುದೇ ಆದರೂ ಪಟ್ಟಿ ಇಳಿಸಿಕೊಳ್ಳುವ ಸೌಲಭ್ಯ ಇದೆಯಾ ಅಂತ ಸೇರುವ ಮುಂಚೆಯೇ ನೋಡಿಕೊಳ್ಳಿ.

ಸ್ವಂತ ಜಿಮೇಲ್‌ನಿಂದ ಎಲ್ಲರನ್ನೂ ಬಿಸಿಸಿಯಲ್ಲಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಹಾಗೆ) ಹಾಕಿ ಕಳಿಸೋದು ಇಪ್ಪತ್ತು ಜನಕ್ಕೆ ಪರವಾಗಿಲ್ಲ. ಸಾಮಾನ್ಯ ಜಿಮೇಲ್ ಖಾತೆಗೆ ದಿನಕ್ಕೆ 500 ಜನರ ಮಿತಿ ಇದೆ. ಅದಕ್ಕಿಂತ ಮುಖ್ಯವಾಗಿ, ಬೇಡವಾದವರಿಗೆ ಹೊರಗೆ ಹೋಗೋ ದಾರಿ ಇರಲ್ಲ, ಸ್ಪ್ಯಾಮ್ ಗುಂಡಿ ಒತ್ತುತ್ತಾರೆ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ಸ್ವಂತ ಡೊಮೇನ್‌ನಿಂದ (ನಿಮ್ಮದೇ ವೆಬ್ ವಿಳಾಸದಿಂದ) ಕಳಿಸುವವರು ಎಸ್‌ಪಿಎಫ್, ಡಿಕೆಐಎಂ ದಾಖಲೆ, ಅಂದರೆ ಮೇಲ್ ನಿಜಕ್ಕೂ ನಿಮ್ಮಿಂದಲೇ ಬಂದಿದೆ ಅಂತ ತೋರಿಸುವವು, ಸರಿ ಇಟ್ಟುಕೊಳ್ಳಬೇಕು. ಹೆಸರು ಕೇಳಿ ಹೆದರಬೇಡಿ, ಸೇವೆಯವರು ಕೊಡುವ ಸಾಲುಗಳನ್ನು ಡೊಮೇನ್ ಸೆಟ್ಟಿಂಗ್‌ನಲ್ಲಿ ಅಂಟಿಸುವ ಕೆಲಸ, ಒಂದು ಮಧ್ಯಾಹ್ನ ಸಾಕು.

ಓಪನ್ ರೇಟ್, ಅಂದರೆ ನೂರಕ್ಕೆ ಎಷ್ಟು ಜನ ಮೇಲ್ ತೆರೆದರು ಅನ್ನೋದನ್ನು ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಖಾಸಗಿತನದ ವ್ಯವಸ್ಥೆ ತಂದಾಗಿನಿಂದ, ಅದನ್ನು ಬಳಸುವ ಓದುಗ ತೆರೆಯದಿದ್ದರೂ ತೆರೆದ ಹಾಗೆ ಲೆಕ್ಕಕ್ಕೆ ಬರುತ್ತದೆ. ಎಷ್ಟು ಜನ ಉತ್ತರ ಬರೆದರು ಅನ್ನೋದನ್ನು ನೋಡಿ. ಉತ್ತರ ಬರಿಸೋದು ಒಂದು ಕಲೆ. "ನಿಮ್ಮ ಅಭಿಪ್ರಾಯ ತಿಳಿಸಿ" ಅಂದರೆ ಯಾರೂ ತಿಳಿಸಲ್ಲ, ನಾನೂ ತಿಳಿಸಲ್ಲ. ಅದರ ಬದಲು, ಹಳೇ ಫೋಟೋಗಳ ಬಗ್ಗೆ ಬರೆದ ಪತ್ರದ ಕೊನೆಗೆ "ನಿಮ್ಮ ಮನೆಯ ಹಳೇ ಫೋಟೋಗಳು ಆಲ್ಬಂನಲ್ಲಿವೆಯಾ, ಸ್ಕ್ಯಾನ್ ಆಗಿವೆಯಾ, ಇಲ್ಲಾ ಯಾವುದೋ ಕವರ್‌ನಲ್ಲಿ ಬೀರು ಮೇಲಿವೆಯಾ? ಒಂದು ಸಾಲು ಬರೆಯಿರಿ, ಸಾಕು" ಅಂತ ಕೇಳಿ ನೋಡಿ. ಯೋಚನೆ ಮಾಡದೆ ಬರೆಯಬಹುದಾದ ಉತ್ತರ ಇರಬೇಕು. ಬಂದ ಉತ್ತರಕ್ಕೆ ನೀವು ಮರುಉತ್ತರ ಬರೆಯಲೇಬೇಕು. ಮುಂದಿನ ಪೋಸ್ಟ್‌ಗೆ ವಿಷಯ ಹುಟ್ಟೋದೂ ಅಲ್ಲಿಂದಲೇ.

ಪಟ್ಟಿಗೆ ಸೇರುವ ಫಾರಂ ಎಲ್ಲಿಡಬೇಕು? ಪೋಸ್ಟ್ ಮುಗಿದ ಜಾಗದಲ್ಲಿ. ಪೂರ್ತಿ ಓದಿದವರು ಅಲ್ಲಿರುತ್ತಾರೆ. ಬಂದ ಕೂಡಲೇ ಮುಖಕ್ಕೆ ಹಾರುವ ಪಾಪ್‌ಅಪ್ ನನಗಂತೂ ಆಗಲ್ಲ. ಏನು ಬರುತ್ತೆ, ಎಷ್ಟು ದಿನಕ್ಕೊಮ್ಮೆ ಬರುತ್ತೆ ಅಂತ ಫಾರಂ ಮೇಲೆ ಒಂದು ಸಾಲು ಬರೆಯಿರಿ.

ವಾಟ್ಸಾಪ್, ಟೆಲಿಗ್ರಾಂ

ಮೇಲ್ ನೋಡೋರು ಕಮ್ಮಿ, ಎಲ್ಲರೂ ವಾಟ್ಸಾಪ್‌ನಲ್ಲೇ ಇರೋದು ಅಲ್ವಾ ಅನ್ನುವವರ ಮಾತಲ್ಲಿ ನಿಜವಿದೆ. ನಿಮ್ಮ ಓದುಗರು ಮೇಲ್ ತೆರೆಯುವವರೇ ಅಲ್ಲ ಅಂತಾದರೆ ಇಲ್ಲಿಗೇ ಬನ್ನಿ. ಆದರೆ ವಾಟ್ಸಾಪ್‌ನಲ್ಲಿ ಮೂರು ಬಗೆ ಇದೆ, ವ್ಯತ್ಯಾಸ ಗೊತ್ತಿರಲಿ. ಗ್ರೂಪ್‌ಗೆ 1,024 ಜನರ ಮಿತಿ, ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಪರಿಚಯವಿಲ್ಲದ ಓದುಗರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಹಾಗೆ ಸೇರಿಸುವುದು ಸರಿಯಲ್ಲ. ಜೊತೆಗೆ ಬೆಳಗಾದರೆ ಶುಭೋದಯದ ಹೂವುಗಳು. ಬ್ರಾಡ್‌ಕಾಸ್ಟ್ ಲಿಸ್ಟ್‌ಗೆ 256 ಜನರ ಮಿತಿ, ಅವರು ನಿಮ್ಮ ನಂಬರ್ ಸೇವ್ ಮಾಡಿಕೊಂಡಿದ್ದರೆ ಮಾತ್ರ ತಲುಪುತ್ತದೆ. 2023ರಲ್ಲಿ ಬಂದ ಚಾನೆಲ್‌ನಲ್ಲಿ ನಂಬರ್ ಕಾಣುವ ತೊಂದರೆ ಇಲ್ಲ, ಎಷ್ಟು ಜನ ಬೇಕಾದರೂ ಸೇರಬಹುದು. ಆದರೆ ಅಲ್ಲಿ ಓದುಗರು ಮಾಡೋದು ಹೆಚ್ಚಾಗಿ ಒಂದು ಹೃದಯ ಒತ್ತೋದು, ಅಷ್ಟೇ. ಆ ಪಟ್ಟಿಯನ್ನು ಎತ್ತಿಕೊಂಡು ಬೇರೆಡೆ ಹೋಗೋಕೂ ಆಗಲ್ಲ.

ಮಾತುಕತೆಯೇ ಮುಖ್ಯ ಅನ್ನುವವರಿಗೆ ಟೆಲಿಗ್ರಾಂ ವಾಸಿ. ಚಾನೆಲ್‌ಗೆ ಒಂದು ಚರ್ಚೆಯ ಗುಂಪನ್ನು ಜೋಡಿಸಬಹುದು, ಪ್ರತಿ ಪೋಸ್ಟ್ ಕೆಳಗೇ ಕಾಮೆಂಟ್ ಬರುತ್ತದೆ. ನಿಮ್ಮ ಓದುಗರು ಅಲ್ಲಿದ್ದಾರಾ ಅನ್ನೋದು ಬೇರೆ ಮಾತು.

ಕಾಮೆಂಟ್, ಆರ್‌ಎಸ್‌ಎಸ್, ಮತ್ತು ಯಾರೂ ನೋಡದ ಒಂದು ದಾರಿ

ಆರ್‌ಎಸ್‌ಎಸ್ (ಹೊಸ ಪೋಸ್ಟ್‌ಗಳನ್ನು ಓದುಗರ ಫೀಡ್ ಆ್ಯಪ್‌ಗೆ ತಾನಾಗೇ ತಲುಪಿಸುವ ವ್ಯವಸ್ಥೆ) ಬಗ್ಗೆ ಚರ್ಚೆಯೇ ಬೇಡ, ಬ್ಲಾಗರ್ ಮತ್ತು ವರ್ಡ್‌ಪ್ರೆಸ್‌ನಲ್ಲಿ ತಾನಾಗೇ ಇರುತ್ತದೆ. ಬಳಸುವವರು ಕಮ್ಮಿ, ಆದರೆ ನಿಷ್ಠರು. ತುಣುಕಿನ ಬದಲು ಪೂರ್ತಿ ಬರಹ ಫೀಡ್‌ನಲ್ಲಿ ಬರುವ ಹಾಗೆ ಸೆಟ್ಟಿಂಗ್ ಬದಲಿಸಿ ಮರೆತುಬಿಡಿ.

ಕಾಮೆಂಟ್ ಬರುತ್ತಿಲ್ಲ ಅಂತ ಕೊರಗುವವರಿಗೆ ಒಂದು ಮಾತು. 2006ರಲ್ಲಿ ವೆಬ್‌ಸೈಟ್‌ಗಳನ್ನು ಜನ ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುವ ಯೂಸಬಿಲಿಟಿ ತಜ್ಞ ಜೇಕಬ್ ನೀಲ್ಸನ್ ಬರೆದ ಅಂದಾಜಿನ ಪ್ರಕಾರ ಆನ್‌ಲೈನ್ ಸಮುದಾಯಗಳಲ್ಲಿ 90% ಜನ ಸುಮ್ಮನೆ ಓದುತ್ತಾರೆ, 9% ಆಗಾಗ ಮಾತಾಡುತ್ತಾರೆ, 1% ಮಾತ್ರ ಜಾಸ್ತಿ ಬರೆಯುತ್ತಾರೆ, ಬ್ಲಾಗ್‌ಗಳಲ್ಲಿ ಇನ್ನೂ ಕಮ್ಮಿ. ಅಂದರೆ ನೂರು ಓದುಗರಿರುವ ಬ್ಲಾಗ್‌ನಲ್ಲಿ ಒಂದು ಕಾಮೆಂಟ್ ಬಂದರೆ ಅದೇ ಲೆಕ್ಕದ ಪ್ರಕಾರ ಸರಿಯಾಗಿದೆ. ಸ್ಪ್ಯಾಮ್ ತೆಗೆಯೋದೇ ಕೆಲಸವಾಗಿದ್ದರೆ ಕಾಮೆಂಟ್ ಮುಚ್ಚಿ, "ಈ ವಿಳಾಸಕ್ಕೆ ಬರೆಯಿರಿ" ಅಂತ ಮೇಲ್ ಕೊಡಿ. ನಷ್ಟವೇನಿಲ್ಲ.

ಯಾರೂ ನೋಡದ ದಾರಿ ಅಂದದ್ದು ಬೇರೆಯವರ ಬ್ಲಾಗ್‌ಗೆ ಬರೆಯೋದನ್ನು. ನಿಮ್ಮದೇ ಥರದ ವಿಷಯ ಬರೆಯುವ ಒಬ್ಬರು, ನಿಮಗಿಂತ ಸ್ವಲ್ಪ ಹೆಚ್ಚು ಓದುಗರಿರುವವರು. ಅವರ ಪೋಸ್ಟ್ ಓದಿ, ನಿಮ್ಮ ಬ್ಲಾಗ್‌ನಲ್ಲಿ ಅದಕ್ಕೆ ಉತ್ತರವಾಗಿ ಬರೆಯಿರಿ, ಲಿಂಕ್ ಕೊಡಿ, ಅವರಿಗೆ ತಿಳಿಸಿ. ಇಲ್ಲವೇ ಅವರ ಜಾಗಕ್ಕೇ ಒಂದು ಬರಹ ಕೊಡಿ. ಈ ದಾರಿಯಿಂದ ಬರೋರು ಕಮ್ಮಿ, ಆದರೆ ಬ್ಲಾಗ್ ಓದುವ ಅಭ್ಯಾಸ ಇರುವವರೇ ಬರುತ್ತಾರೆ. ಅಜ್ಜಿಯ ಬಗ್ಗೆ ಬರೆಯುವವರಿಗೆ, ಕವಿತೆ, ಪ್ರಬಂಧ ಬರೆಯುವವರಿಗೆ ಸರ್ಚ್‌ನ ಬದಲು ಇದೇ ಇರಲಿ.

ಹಾಗಾದರೆ ನೀವು?

ಹಾಸಿಗೆ ಇದ್ದಷ್ಟು ಕಾಲು ಚಾಚಿ. ವಾರಕ್ಕೆ ಒಂದು ಗಂಟೆಯೂ ಸಿಗದವರು ಇಮೇಲ್ ಫಾರಂ ಒಂದನ್ನು ಇಟ್ಟು, ಉಳಿದ ಸಮಯದಲ್ಲಿ ಬರೆಯಿರಿ. ಪಟ್ಟಿ ನಿಧಾನಕ್ಕೆ ಬೆಳೆಯಲಿ. ಎರಡು ಮೂರು ಗಂಟೆ ಸಿಗುವವರಲ್ಲಿ, ಜನ ಹುಡುಕುವ ವಿಷಯ ಬರೆಯುವವರು ಸರ್ಚ್ ಮತ್ತು ಇಮೇಲ್; ಅನುಭವ, ಅನಿಸಿಕೆ, ಸಾಹಿತ್ಯ ಬರೆಯುವವರು ಬೇರೆ ಬ್ಲಾಗ್‌ಗಳ ಒಡನಾಟ ಮತ್ತು ಇಮೇಲ್. ದಿನದ ಸುದ್ದಿ, ಚರ್ಚೆಗೆ ಪ್ರತಿಕ್ರಿಯೆ ಬರೆಯುವವರಿಗೆ ಸರ್ಚ್ ತೀರಾ ನಿಧಾನ, ಒಂದು ಸೋಷಿಯಲ್ ಮೀಡಿಯಾ ಮತ್ತು ಒಂದು ಚಾನೆಲ್ ಇಟ್ಟುಕೊಳ್ಳಿ, ಪಟ್ಟಿ ಕೈಯಲ್ಲಿಲ್ಲ ಅನ್ನೋದು ನೆನಪಿರಲಿ.

ದುಡ್ಡು ಹಾಕೋದಾದರೆ ಮೊದಲು ಸ್ವಂತ ಡೊಮೇನ್‌ಗೆ ಹಾಕಿ. ಬ್ಲಾಗ್ ಎಲ್ಲಿಗೆ ಬದಲಾದರೂ ವಿಳಾಸ ಅದೇ ಇರುತ್ತದೆ, ಹಳೇ ಲಿಂಕ್‌ಗಳನ್ನು ಉಳಿಸಿಕೊಳ್ಳಬಹುದು. ಆಮೇಲೆ ಇಮೇಲ್ ಸೇವೆ. ಎಸ್‌ಇಒ ಪ್ಯಾಕೇಜ್, ಫಾಲೋವರ್ ಮಾರೋರು, "ಮೂವತ್ತು ದಿನದಲ್ಲಿ ಹತ್ತು ಸಾವಿರ" ಅನ್ನುವವರು ಯಾರಿಗೂ ಒಂದು ಪೈಸೆಯನ್ನೂ ಕೊಡಬೇಡಿ.

ಈಗಾಗಲೇ ನಾಲ್ಕೈದು ಕಡೆ ಖಾತೆ ತೆರೆದು ಒದ್ದಾಡುತ್ತಿರುವವರು ಯಾವುದನ್ನು ಬಿಡಬೇಕು? ಕಳೆದ ಮೂರು ತಿಂಗಳಲ್ಲಿ ಯಾವ ಕಡೆಯಿಂದ ಒಬ್ಬರೂ ಬ್ಲಾಗ್‌ಗೆ ಬಂದಿಲ್ಲವೋ, ಯಾವ ಕಡೆ ಒಬ್ಬರೂ ಮಾತಾಡಿಲ್ಲವೋ ಅದನ್ನು. ಬಿಡುವಾಗ ಖಾತೆ ಅಳಿಸಬೇಡಿ, ಹೆಸರು ಬೇರೆಯವರ ಪಾಲಾಗಬಾರದು. "ಇಲ್ಲಿ ಇನ್ನು ಹಾಕುವುದಿಲ್ಲ, ಬರಹಗಳು ಮೇಲ್‌ನಲ್ಲಿ ಬರುತ್ತವೆ, ಸೇರಲು ಇಲ್ಲಿ ಒತ್ತಿ" ಅಂತ ಒಂದು ಪೋಸ್ಟ್ ಬರೆದು ಮೇಲಕ್ಕೆ ಪಿನ್ ಮಾಡಿ. ಒಂದು ತಿಂಗಳು ಬಿಟ್ಟು ಅದನ್ನೇ ಇನ್ನೊಮ್ಮೆ ಹಾಕಿ, ಮೊದಲ ಸಲ ಅರ್ಧ ಜನರಿಗೂ ಅದು ಕಂಡಿರುವುದಿಲ್ಲ.